ಯಜಮಾನರ ಒಪ್ಪಿಗೆಯ ಮೇರೆಗೆ

ಡಾಕ್ಟರ್ ಅಂಪೊಂಸಾ ಅಕ್ರಾಕ್ಕೆ ಮೂರು ದಿನದ ತರಬೇತಿಗೆಂದು ಹೋಗಿಬಂದದ್ದೇ ಎಲ್ಲಕ್ಕೂ ಮೂಲವಾಯಿತು. ಹೋಗುವಾಗ ನೆಟ್ಟಗೇ ಇದ್ದ ಮನುಷ್ಯ, ಬರುವಾಗ ತಲೆಗೆ ಲೇಬಲ್ಲಿನ ಹುಚ್ಚು ಹತ್ತಿಸಿಕೊಂಡು ಬಂದರು.

ಅವರು ಕುಮಾಸಿಯ ಗೋಲ್ಡನ್ ಆನ್ಸರ್ ಸಿಸ್ಟಮ್ಸ್ ಎಂಬ ಕಂಪನಿಯ ಮಾಲೀಕರು. ಡಾಕ್ಟರ್ ಎಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ, ಓದಿ ಪದವಿ ಪಡೆದ ಡಾಕ್ಟರೂ ಅಲ್ಲ. ಒಂದು ಚರ್ಚಿನ ಮಾಡಿಗೆ ಹೊಸ ತಗಡು ಹಾಕಿಸಿಕೊಟ್ಟರೆಂದು ಆ ಚರ್ಚಿನವರು ಪ್ರೀತಿಯಿಂದ ದಯಪಾಲಿಸಿದ ಬಿರುದು ಅದು. ಅವರ ಕೋಣೆಯ ಹಿತ್ತಾಳೆ ಫಲಕದಲ್ಲಿ ಹೆಸರಿನ ಹಿಂದೆ ಮುಂದೆ ಬಿರುದುಗಳು ಸಾಲುಗಟ್ಟಿದ್ದವು. ಫಲಕ ಬಾಗಿಲಿಗಿಂತ ಅಗಲವಾಗಿ, ಎರಡೂ ಕಡೆ ಗೋಡೆಯ ಮೇಲಕ್ಕೆ ಚಾಚಿಕೊಂಡಿತ್ತು. ಬಾಗಿಲು ತೆಗೆಯುವಾಗಲೆಲ್ಲ ಅದು ಚೌಕಟ್ಟಿಗೆ ಬಡಿಯುತ್ತಿತ್ತು. ಬಾಗಿಲನ್ನು ಬದಲಾಯಿಸುವ ಮಾತು ಬಂದಿತ್ತೇ ಹೊರತು ಫಲಕವನ್ನು ಕತ್ತರಿಸುವ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುವವರು ಇಬ್ಬರೇ. ಒಬ್ಬಳು ಪೊಕುವಾ. ಇನ್ನೊಬ್ಬ ಉತ್ತರದ ತಮಾಲೆಯಿಂದ ಬಂದ ಫುಸೇನಿ. ಆಗ ಇಬ್ಬರೂ ಸೇರಿ ಪೀಸ್‌ಫುಲ್ ಗೇಟ್ ಎಂಬ ಖಾಸಗಿ ಶವಾಗಾರಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದರು. ಅವರು ಬರೆಯುವ ಭಾಷೆಯಲ್ಲಿ ಕೆಲಸವನ್ನು ತುಂಡು ತುಂಡು ಮಾಡಿ ಕಟ್ಟುತ್ತಾರೆ. ಒಂದೊಂದು ತುಂಡಿಗೂ ಕ್ಲಾಸ್ ಎಂದು ಹೆಸರು. ಶವವನ್ನು ಒಳಗೆ ಬರಮಾಡಿಕೊಳ್ಳುವುದಕ್ಕೊಂದು ಕ್ಲಾಸ್, ಯಾವ ಖಾನೆಯಲ್ಲಿದೆ ಎಂದು ನೆನಪಿಡುವುದಕ್ಕೊಂದು, ಹೊರಗೆ ಬಿಟ್ಟುಕೊಡುವುದಕ್ಕೊಂದು. ಆ ಕ್ಲಾಸಿನ ನೆತ್ತಿಯ ಮೇಲೆ ಚೌಕದ ಕಂಸದೊಳಗೆ ನಾಲ್ಕು ಮಾತು ಬರೆದು ಅಂಟಿಸುವುದಕ್ಕೆ ಅವಕಾಶವಿದೆ. ಅದೇ ಲೇಬಲ್. ಬರೆದದ್ದು ಕ್ಲಾಸಿನ ಜೊತೆಗೇ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ. ಅದನ್ನು ಓದಿ, ಅದರಂತೆ ನಡೆಯುವ ಇನ್ನೊಂದು ಕೋಡನ್ನು ಯಾರಾದರೂ ಬರೆದರೆ ಮಾತ್ರ ಅದಕ್ಕೆ ಜೀವ. ಇಲ್ಲದಿದ್ದರೆ ಅದು ಅಲ್ಲಿ ಸುಮ್ಮನೆ ಕೂತಿರುತ್ತದೆ.

ಅಂಪೊಂಸಾ ತರಬೇತಿಯ ಮೊದಲ ಎರಡು ದಿನ ಎಚ್ಚರವಾಗಿದ್ದರು. ಮೂರನೆಯ ದಿನ, ಆ ಕೊನೆಯ ಮಾತನ್ನು ಹೇಳುವ ಹೊತ್ತಿಗೆ, ಊಟಕ್ಕೆ ಉಂಡ ಫುಫು ಮುದ್ದೆ ಅವರನ್ನು ನಿದ್ದೆಗೆ ಕೆಡವಿತ್ತು.

"ಇನ್ಮೇಲೆ ಬೆತ್ತಲೆ ಕ್ಲಾಸು ಈ ಕಂಪನೀಲಿ ಇರಕೂಡದು," ಎಂದು ಬಂದ ದಿನವೇ ಅಪ್ಪಣೆಯಾಯಿತು. "ಬರೆದೋರು ಯಾರು, ನೋಡಿದೋರು ಯಾರು, ಹಿರಿಯರು ಯಾರು, ಎಲ್ಲಾ ಮೇಲೆ ಬರೀಬೇಕು. ಹುಟ್ಟಿದ ವಾರಾನೂ ಬೇಕು."

"ಹುಟ್ಟಿದ ವಾರವಾ ಸಾರ್? ಕ್ಲಾಸಿಗಾ?" ಎಂದಳು ಪೊಕುವಾ.

"ಯಾಕಮ್ಮಾ, ನಮ್ಮಲ್ಲಿ ಯಾವ ವಾರ ಹುಟ್ಟಿದ್ದು ಅಂತ ಗೊತ್ತಿಲ್ಲದ ಪಿಳ್ಳೆ ಇದೆಯಾ? ವಾರ ಗೊತ್ತಿಲ್ಲದಿದ್ರೆ ಅದರ ಗುಣ ಹೇಗೆ ಗೊತ್ತಾಗೋದು?"

ಒಂದು ವಾರ ಇಬ್ಬರೂ ಬೇರೆಲ್ಲ ಕೆಲಸ ಬಿಟ್ಟು ಲೇಬಲ್ ಅಂಟಿಸಿದರು. ನಾಲ್ಕು ಸಾಲಿನ ಕ್ಲಾಸಿನ ತಲೆಯ ಮೇಲೆ ಹನ್ನೊಂದು ಸಾಲಿನ ಲೇಬಲ್ಲು ಕೂತಿತು. ಎಲ್ಲದರಲ್ಲೂ ಹಿರಿಯರ ಜಾಗದಲ್ಲಿ ಡಾಕ್ಟರ್ ಅಂಪೊಂಸಾ ಅವರೇ, ಸಕಲ ಬಿರುದಾವಳಿ ಸಮೇತ. ಕಡೆಗೆ ಅವರು ಕನ್ನಡಕ ಏರಿಸಿ ಪರಿಶೀಲನೆಗೆ ಕೂತರು.

"ಫುಸೇನಿ, ನೀನು ಬರೆದ ಕ್ಲಾಸೆಲ್ಲಾ ಶುಕ್ರವಾರಾನೇ ಹುಟ್ಟಿದಾವಲ್ಲ, ಅದು ಹೇಗೆ?"

"ಶನಿವಾರ ತೋರಿಸ್ಬೇಕಿತ್ತಲ್ಲ ಸಾರ್."

ಅಂಪೊಂಸಾ ಗಂಭೀರವಾಗಿ ತಲೆದೂಗಿದರು. ಪೊಕುವಾ ಮೇಜಿನ ಕೆಳಗೆ ಏನೋ ಬಿದ್ದಿತೆಂದು ಬಗ್ಗಿ, ನಗು ನುಂಗಿಕೊಂಡು ಎದ್ದಳು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಶವಾಗಾರದವರಿಗೆ ಬೇಕಾಗಿದ್ದ ಒಂದು ಮುಖ್ಯ ಸಂಗತಿ ಇತ್ತು. ಮನೆತನದ ಯಜಮಾನರ ಒಪ್ಪಿಗೆಯಿಲ್ಲದೆ ಯಾವ ಶವವೂ ಬಾಗಿಲು ದಾಟಬಾರದು. ಆ ಕಡೆಯ ಕಟ್ಟಳೆಯಂತೆ ಸತ್ತವರು ಹೆಂಡತಿ ಮಕ್ಕಳ ಸ್ವತ್ತಲ್ಲ, ತಾಯಿಯ ಕಡೆಯ ಮನೆತನದ ಸ್ವತ್ತು. ಆ ಮನೆತನಕ್ಕೆ ಯಜಮಾನರು ಒಬ್ಬರೇ. ಹಿಂದಿನ ವರ್ಷ ಹೆಂಡತಿಯ ಕಡೆಯವರು ಒಂದು ಶವವನ್ನು ಒಯ್ದುಬಿಟ್ಟಿದ್ದಕ್ಕೆ, ಶವಾಗಾರದ ಅಂಗಳದಲ್ಲಿ ಎರಡು ಕಡೆಯವರೂ ಕುರ್ಚಿ ಮುರಿದಿದ್ದರು.

"ಇದಕ್ಕೆ ನಾಲ್ಕು ದಿನ ಬೇಕು ಸಾರ್," ಎಂದಳು ಪೊಕುವಾ. "ಯಜಮಾನರ ಹೆಸರು ಮೊದ್ಲೇ ಬರೆಸಿಕೊಳ್ಬೇಕು. ಬಿಟ್ಟುಕೊಡೋವಾಗ ಅವರ ಹೆಬ್ಬೆಟ್ಟು ತಗೋಬೇಕು. ಎರಡೂ ಸರಿಹೊಂದಿದ್ರೆ ಮಾತ್ರ ಚೀಟಿ ಬರ್ಬೇಕು."

"ನಾಲ್ಕು ದಿನ ಎಲ್ಲಿದೆ? ಶನಿವಾರ ಉದ್ಘಾಟನೆ. ಬ್ಯಾಂಡಿನವರಿಗೂ ಹೇಳಾಗಿದೆ. ಒಂದು ಲೇಬಲ್ ಹಾಕು. ಬರ್ಕೋ, 'ಮನೆತನದ ಯಜಮಾನರ ಒಪ್ಪಿಗೆಯ ಮೇರೆಗೆ.' ಆಹಾ, ಎಷ್ಟು ಗೌರವವಾಗಿದೆ ನೋಡು!"

"ಲೇಬಲ್ಲು ಯಾರನ್ನೂ ತಡೆಯಲ್ಲ ಸಾರ್. ಅದನ್ನು ಓದೋ ಕೋಡು ಬೇಕು."

"ಅಷ್ಟು ದೊಡ್ಡದಾಗಿ ಬರೆದಿರೋದನ್ನ ಯಾರು ಮೀರ್ತಾರೆ? ನನ್ನ ಬಾಗಿಲ ಮೇಲೆ ಫಲಕ ಇದೆ. ಯಾರಾದ್ರೂ ಕೇಳ್ದೆ ಒಳಗೆ ಬರ್ತಾರಾ?"

ಬರುತ್ತಿರಲಿಲ್ಲ, ನಿಜ. ಅದಕ್ಕೆ ಕಾರಣ ಫಲಕವಲ್ಲ, ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದ ಸೆಕ್ರೆಟರಿ ಹೆಂಗಸು. ಇದನ್ನು ಹೇಳಲು ಪೊಕುವಾ ಬಾಯಿ ತೆರೆದಳು. ಅಷ್ಟರಲ್ಲಿ ಅಂಪೊಂಸಾರಿಗೆ ಇನ್ನೊಂದು ಹೊಳೆಯಿತು. ಲೇಬಲ್ಲುಗಳು ಹೀಗೆ ಒಳಗೇ ಕೂತರೆ ಜನಕ್ಕೆ ಕಾಣುವುದು ಹೇಗೆ? ಶವ ಬಿಟ್ಟುಕೊಡುವ ಚೀಟಿಯ ಕೆಳಗೆ ಅವನ್ನೆಲ್ಲ ಚಿನ್ನದ ಬಣ್ಣದ ಅಂಚಿನೊಳಗೆ ಅಚ್ಚು ಹಾಕಬೇಕು.

ಹೀಗೆ ಲೇಬಲ್ಲುಗಳನ್ನು ಓದುವ ಕೋಡನ್ನು ಪೊಕುವಾ ಕೊನೆಗೂ ಬರೆದಳು. ಅದು ಓದುತ್ತಿದ್ದುದು ಅಲಂಕಾರಕ್ಕೆ ಮಾತ್ರ. ಯಾವ ಶವ ಯಾರ ಕೈಗೆ ಹೋದರೂ ಚೀಟಿಯ ತಳದಲ್ಲಿ ಚಿನ್ನದ ಅಂಚಿನೊಳಗೆ ಅದೇ ಮಾತು ಬರುತ್ತಿತ್ತು: ಮನೆತನದ ಯಜಮಾನರ ಒಪ್ಪಿಗೆಯ ಮೇರೆಗೆ.

"ಟ್ರೋಟ್ರೋ ವ್ಯಾನಿನ ಹಿಂದೆ 'ದೇವರೇ ನನ್ನ ಬ್ರೇಕು' ಅಂತ ಬರೆದಿರುತ್ತಲ್ಲ, ನಮ್ಮದೂ ಹಾಗೇ ಆಯ್ತು," ಎಂದ ಫುಸೇನಿ. "ಆದ್ರೆ ಟ್ರೋಟ್ರೋದೋನು ಹಾಗೆ ಬರೆಸಿದ್ರೂ ಕೆಳಗೆ ಒಂದು ಬ್ರೇಕು ಇಟ್ಕೊಂಡಿರ್ತಾನೆ ಪುಣ್ಯಾತ್ಮ."

ಶನಿವಾರ ಬ್ಯಾಂಡು ಬಾರಿಸಿತು, ರಿಬ್ಬನ್ನು ಕತ್ತರಿಸಿದ್ದಾಯಿತು. ಊರಿನ ಮನೆತನಗಳ ಯಜಮಾನರಿಗೆಲ್ಲ ಮುಂದಿನ ಸಾಲಿನಲ್ಲಿ ಕುರ್ಚಿ. ಅವರಲ್ಲಿ ಪೊಕುವಾಳ ತಾಯಿಯ ಸೋದರಮಾವ ಬೊವಾಹೆನ್ ಕೂಡ ಇದ್ದ. ಅವಳ ಮನೆತನಕ್ಕೆ ಅವನೇ ಯಜಮಾನ. "ಇನ್ನು ನಿಮ್ಮ ಒಪ್ಪಿಗೆಯಿಲ್ಲದೆ ಒಂದು ನೊಣವೂ ಈ ಬಾಗಿಲಿಂದ ಆಚೆ ಹೋಗೋದಿಲ್ಲ," ಎಂದು ಅಂಪೊಂಸಾ ಮೈಕಿನಲ್ಲಿ ಸಾರಿದಾಗ ಬೊವಾಹೆನ್ ಮಾವ ಹೆಗಲ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡು ಸುತ್ತ ನೋಡಿದ. ಶವಾಗಾರದ ಗುಮಾಸ್ತ ಟವಿಯಾ ಅಂತೂ ಖುಷಿಯಿಂದ ಉಬ್ಬಿಹೋದ. ಅಲ್ಲಿಯವರೆಗೆ ಪ್ರತಿ ಶವಕ್ಕೂ ಯಜಮಾನರಿಗೆ ಫೋನು ಮಾಡಿ, ಕರೆಸಿ, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದವನು ಅವನೇ. ಸೋಮವಾರ ಅವನು ಆ ರಿಜಿಸ್ಟರನ್ನು ಅಲುಗಾಡುವ ಕುರ್ಚಿಯ ಕಾಲಿನಡಿಗೆ ಕೊಟ್ಟ.

ಇದು ತಿಳಿದ ಮೇಲೆ ಪೊಕುವಾಳಿಗೆ ಸಮಾಧಾನವಿರಲಿಲ್ಲ. ವಾರಕ್ಕೊಂದು ಸಲ ಅಂಪೊಂಸಾರಿಗೆ ಬರೆದು ಕೊಟ್ಟಳು: ಲೇಬಲ್ಲು ಏನನ್ನೂ ತಡೆಯುತ್ತಿಲ್ಲ, ಯಾರು ಬೇಕಾದರೂ ಯಾರ ಶವವನ್ನು ಬೇಕಾದರೂ ಒಯ್ಯಬಹುದು, ನಾಲ್ಕು ದಿನ ಕೊಡಿ. ಅವರು ಪ್ರತಿ ಕಾಗದದ ಮೇಲೂ 'ಗಮನಿಸಲಾಗಿದೆ' ಎಂದು ಬರೆದು, ಬಿರುದು ಸಹಿತ ಸಹಿ ಹಾಕಿ, ಹಿಂದಕ್ಕೆ ಕಳಿಸಿದರು. ಅಂಥ ಕಾಗದ ಒಂಬತ್ತಾದವು.

ಹತ್ತನೆಯ ವಾರದ ಮಂಗಳವಾರ ಪೊಕುವಾಳ ಅಜ್ಜಿ ತೀರಿಕೊಂಡಳು.

ಬಿರಾಗೊ ಅಜ್ಜಿ ಎಂದರೆ ಮಾರುಕಟ್ಟೆಯಲ್ಲಿ ಗೊತ್ತಿಲ್ಲದವರಿಲ್ಲ. ಐವತ್ತು ವರ್ಷ ಮೀನಿಗೆ ಹೊಗೆ ಹಾಕಿ ಮಾರಿದವಳು. ಪೊಕುವಾಳನ್ನು ಸಾಕಿದ್ದು, ಓದಿಸಿದ್ದು, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಕಾಲೇಜಿಗೆ ಕಳಿಸಿದ್ದು ಅವಳೇ. ಕೊನೆಯವರೆಗೂ ಅವಳ ಸೆರಗು ಹೊಗೆಯ ವಾಸನೆ ಬಿಡಲಿಲ್ಲ. ಅವಳಿಗೆ ಜಗತ್ತಿನಲ್ಲಿ ಆಗದ ವಸ್ತು ಒಂದೇ, ಐಸು. ಪಕ್ಕದ ಅಂಗಡಿಗೆ ಹಡಗಿನ ಐಸಿನ ಮೀನು ಬಂದ ದಿನದಿಂದ ಆ ಕಡೆ ಅವಳು ಮುಖ ತಿರುಗಿಸಿ ನೋಡಿರಲಿಲ್ಲ.

ಸಾಯುವ ಹಿಂದಿನ ಭಾನುವಾರ ಅವಳು ಪೊಕುವಾಳ ಕೈ ಹಿಡಿದುಕೊಂಡು ಹೇಳಿದ್ದಳು. "ನೋಡವ್ವಾ, ನನ್ನನ್ನ ಆ ಪೆಟ್ಟಿಗೇಲಿ ಐಸಿನ ಮೀನು ಮಾಡ್ಬೇಡಿ. ವಾರದೊಳಗೆ ನಮ್ಮೂರು ಅಸುಬೋನೆಗೆ ಕರ್ಕೊಂಡು ಹೋಗಿ, ನಮ್ಮವ್ವನ ಪಕ್ಕ ಮಲಗಿಸ್ಬಿಡಿ. ಆಮೇಲೆ ನಿಮ್ಮ ಬ್ಯಾಂಡು, ನಿಮ್ಮ ಡೇರೆ, ಏನಾದ್ರೂ ಮಾಡ್ಕೊಳ್ಳಿ. ನಾನೇನು ನೋಡೋಕೆ ಬರ್ತೀನಾ? ಮಾಡ್ತೀನಿ ಅಂತ ಹೇಳು."

"ಮಾಡ್ತೀನಿ ಅಜ್ಜಿ," ಎಂದಿದ್ದಳು ಪೊಕುವಾ.

ಮಂಗಳವಾರ ಮಧ್ಯಾಹ್ನದೊಳಗೆ ಬೊವಾಹೆನ್ ಮಾವ ಅಜ್ಜಿಯನ್ನು ಪೀಸ್‌ಫುಲ್ ಗೇಟಿಗೆ ಒಯ್ದು ಇಪ್ಪತ್ತಮೂರನೆಯ ಖಾನೆಯಲ್ಲಿ ಇಡಿಸಿದ. ಬುಧವಾರ ಮನೆತನದ ಸಭೆ ಸೇರಿತು. ಸಭೆ ನಾಲ್ಕು ಗಂಟೆ ನಡೆಯಿತು. ಅದರಲ್ಲಿ ಅಜ್ಜಿಯ ವಿಷಯ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಪೋಸ್ಟರಿನದು. ಪೋಸ್ಟರಿನ ನಡುವೆ ಯಾವ ಫೋಟೋ, ಮುಖ್ಯ ಶೋಕಾರ್ಥಿಗಳು ಯಾರು, ಹ್ಯಾಂಬರ್ಗಿನಲ್ಲಿರುವ, ಅಜ್ಜಿಯ ತಂಗಿಯ ಮಗನ ಹೆಸರಿನ ಮುಂದೆ ಇಂಜಿನಿಯರ್ ಎಂದು ಹಾಕಬೇಕೋ ಬೇಡವೋ, ಅವನ ಹೆಸರು ಕುವೈತಿನಲ್ಲಿರುವ ಅವನ ತಂಗಿಯ ಹೆಸರಿಗಿಂತ ಮೇಲಿರಬೇಕೋ ಕೆಳಗಿರಬೇಕೋ. ಹ್ಯಾಂಬರ್ಗಿನವನಿಗೆ ರಜೆ ಸಿಗಬೇಕು, ಮನೆಗೆ ಬಣ್ಣ ಆಗಬೇಕು, ಬೊವಾಹೆನ್ ಮಾವನಿಗೆ ಬರಬೇಕಾದ ಇನ್ನೊಂದು ಬಿರುದು ಬಂದು ಪೋಸ್ಟರಿಗೆ ಸೇರಬೇಕು. ಕೊನೆಗೆ ದಿನ ಗೊತ್ತಾಯಿತು. ಐದು ತಿಂಗಳ ಆಚೆಗೆ.

ಪೊಕುವಾ ಎದ್ದು ನಿಂತಳು. ಸಭೆಯಲ್ಲಿ ಎಲ್ಲರಿಗಿಂತ ಕಿರಿಯಳು ಅವಳೇ.

"ಮಾವಯ್ಯ, ಅಜ್ಜಿ ನನ್ನ ಹತ್ರ ಹೇಳಿದ್ಲು. ವಾರದೊಳಗೆ ಮಣ್ಣು ಮಾಡಿ, ಐಸಿನಲ್ಲಿಡ್ಬೇಡಿ ಅಂತ. ಉತ್ತರಕ್ರಿಯೆ ನೀವು ಯಾವಾಗ ಬೇಕಾದ್ರೂ ಮಾಡಿ. ಅವಳನ್ನ ಮಾತ್ರ ಮಲಗಿಸ್ಬಿಡೋಣ."

"ಮಗಾ, ಮುದುಕಿ ಹೇಳಿದ್ದು ಬಾಯಿಮಾತು. ವಾರದೊಳಗೆ ಹೂತ್ರೆ ಜನ ಏನಂತಾರೆ? ಯಾರೂ ದಿಕ್ಕಿಲ್ಲದ ಹೆಂಗಸು ಅಂತಾರೆ."

"ಅವಳು ಕೇಳ್ಕೊಂಡಿದ್ದು ಇದೊಂದನ್ನೇ ಮಾವಯ್ಯ. ಬೇರೆ ಏನನ್ನೂ ಕೇಳ್ಲಿಲ್ಲ."

"ಕೂತ್ಕೋ. ನನ್ನ ಒಪ್ಪಿಗೆ ಇಲ್ಲ. ನನ್ನ ಒಪ್ಪಿಗೆ ಇಲ್ದೆ ಅಲ್ಲಿಂದ ನೊಣಾನೂ ಆಚೆ ಬರಲ್ಲ. ನಿಮ್ಮ ಕಂಪ್ಯೂಟರೇ ಹೇಳಿದೆಯಲ್ಲ! ನೀನೇ ಬರೆದಿದ್ದಂತೆ?"

ಎಲ್ಲರೂ ನಕ್ಕರು. ಪೊಕುವಾ ಕೂತಳು. ತಾನೇ ಅಂಟಿಸಿದ ಲೇಬಲ್ಲು ತಿರುಗಿ ಬಂದು ತನ್ನ ಬಾಯಿಗೇ ಅಂಟಿಕೊಂಡಿತ್ತು. ಪಕ್ಕದಲ್ಲಿ ಅವಳ ತಾಯಿ ಕರಿಯ ಸೀರೆಯಂಥ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ತಲೆ ಎತ್ತದೆ ಕೂತಿದ್ದಳು.

ಗುರುವಾರ ಕಚೇರಿಯಲ್ಲಿ ಫುಸೇನಿ ಅವಳ ಮುಂದೆ ವಾಚೆ ಅನ್ನದ ಪೊಟ್ಟಣ ಇಟ್ಟ. ಅವಳು ಮುಟ್ಟಲಿಲ್ಲ.

"ನಮ್ಮಲ್ಲಾದ್ರೆ ಸತ್ತ ದಿನಾನೇ ಮಣ್ಣು," ಎಂದ ಅವನು. "ಪೋಸ್ಟರ್ ಅಚ್ಚು ಹಾಕ್ಸೋಕೆ ಹೊತ್ತೇ ಸಿಗಲ್ಲ ಅಕ್ಕಾ. ಅದಕ್ಕೇ ನಮ್ಮೋರಿಗೆ ಬಿರುದು ಕಮ್ಮಿ."

ಪೊಕುವಾಳ ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತಿತ್ತು. ಆ ಬಾಗಿಲಿಗೆ ಬೀಗವಿಲ್ಲ. ಬೀಗವಿಲ್ಲವೆಂದು ಇಡೀ ಕುಮಾಸಿಯಲ್ಲಿ ತಿಳಿದವರು ಅವಳು ಮತ್ತು ಫುಸೇನಿ ಮಾತ್ರ. ಹಾಗೆಂದು ಕದ್ದು ನುಗ್ಗುವುದೇ? ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು. ನೇರ ಎದ್ದುಹೋಗಿ ಅಂಪೊಂಸಾರ ಕೋಣೆ ಸೇರಿದಳು.

"ಸಾರ್, ಇವತ್ತೇ ಆ ನಾಲ್ಕು ದಿನ ಕೊಡಿ. ಇಲ್ದಿದ್ರೆ ಶವಾಗಾರದವರಿಗೆ ಹೇಳ್ಬಿಡಿ. ನಾನು ಈಗ ಹೋಗಿ ಕೇಳಿದ್ರೆ ನಮ್ಮಜ್ಜೀನ ನನ್ನ ಕೈಗೆ ಕೊಟ್ಟುಬಿಡ್ತಾರೆ. ನಮ್ಮ ಮಾವ ಒಪ್ಪಿಲ್ಲ."

ಅಂಪೊಂಸಾ ಇನ್ನೂ ಹನ್ನೊಂದು ಶವಾಗಾರಗಳಿಗೆ ಕಳಿಸಲಿದ್ದ ಹೊಳೆಯುವ ಹಾಳೆಯನ್ನು ತಿದ್ದುತ್ತಿದ್ದರು. ಅದರ ಮೇಲೆ ದಪ್ಪಕ್ಷರದಲ್ಲಿ 'ಯಜಮಾನರ ಒಪ್ಪಿಗೆಗೆ ನಮ್ಮ ಭರವಸೆ' ಎಂದಿತ್ತು.

"ದುಃಖದಲ್ಲಿದ್ದೀಯ, ಅದಕ್ಕೆ ಹೀಗೆಲ್ಲಾ ಮಾತಾಡ್ತೀಯ. ಲೇಬಲ್ ಇದೆಯಲ್ಲಮ್ಮಾ!"

"ಲೇಬಲ್ ಏನೂ ಮಾಡಲ್ಲ ಸಾರ್. ಒಂಬತ್ತು ಸಲ ಬರೆದು ಕೊಟ್ಟಿದ್ದೀನಿ."

"ಹಂಗಾದ್ರೆ ಹೋಗಿ ತಗೊಂಡು ಬಂದು ತೋರಿಸು, ನೋಡೋಣ!" ಎಂದು ಅಂಪೊಂಸಾ ಕೈ ಬೀಸಿದರು. "ಹೋಗು ಹೋಗು. ಆಗೋದಾದ್ರೆ ನಾನೇ ಬೇಡ ಅನ್ನಲ್ಲ."

"ಸರಿ ಸಾರ್," ಎಂದು ಪೊಕುವಾ ಹೊರಗೆ ಬಂದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತಾಯಿ ಮಗಳು ಬಾಡಿಗೆ ವ್ಯಾನಿನಲ್ಲಿ ಪೀಸ್‌ಫುಲ್ ಗೇಟಿನ ಮುಂದೆ ಇಳಿದರು. ತಾಯಿಯ ಕಂಕುಳಲ್ಲಿ ಅಜ್ಜಿಯ ಹಳೆಯ ಕೆಂಟೆ ಬಟ್ಟೆ, ಚೀಲದಲ್ಲಿ ಊರ ಮುಖ್ಯಸ್ಥರಿಗೆ ಒಪ್ಪಿಸಲು ಒಂದು ಶ್ನಾಪ್ಸ್ ಮದ್ಯದ ಬಾಟಲಿ. ದಾರಿಯುದ್ದಕ್ಕೂ ಪೊಕುವಾ ಒಂದು ನಿಶ್ಚಯ ಮಾಡಿಕೊಂಡಿದ್ದಳು. ಸುಳ್ಳು ಹೇಳುವುದಿಲ್ಲ. ಯಜಮಾನರು ಒಪ್ಪಿದ್ದಾರಾ ಎಂದು ಟವಿಯಾ ಒಂದೇ ಒಂದು ಸಲ ಕೇಳಿದರೂ, ಇಲ್ಲ ಎಂದು ಹೇಳಿ ಹಿಂದಿರುಗುವುದು.

ಟವಿಯಾ ಅವಳನ್ನು ಕಂಡು ಎದ್ದು ನಿಂತ. "ಬಾರಮ್ಮಾ, ಬಾ. ಮುದುಕಮ್ಮನ ಸುದ್ದಿ ಕೇಳಿ ಬೇಜಾರಾಯ್ತು. ಆಕೆ ಮೀನು ತಿಂದೇ ನಾನು ಬೆಳೆದಿದ್ದು. ಏನು, ಕರ್ಕೊಂಡು ಹೋಗೋಕೆ ಬಂದ್ರಾ?"

"ಹೌದು ಟವಿಯಾ ಅಣ್ಣ."

ಅವನು ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದ. ಬಿ, ಐ, ಆರ್. ಪರದೆಯ ಮೇಲೆ ಇಪ್ಪತ್ತಮೂರನೆಯ ಖಾನೆ ಬಂತು. ಕೇಳು, ಎಂದುಕೊಂಡಳು ಪೊಕುವಾ. ಕೇಳಬೇಡ, ಎಂದೂ ಅಂದುಕೊಂಡಳು. ಟವಿಯಾ ಗುಂಡಿ ಒತ್ತಿದ. ಯಂತ್ರ ಗುರ್ ಎಂದು ಚೀಟಿಯನ್ನು ಹೊರಗೆ ತಳ್ಳಿತು. ಚಿನ್ನದ ಅಂಚು ಥಳಥಳಿಸುತ್ತಿತ್ತು.

ಅವಳಿಗೆ ತಡೆಯಲಾಗಲಿಲ್ಲ. "ಅಣ್ಣ, ನೀವು ಏನೂ ಕೇಳೋದಿಲ್ವಾ?"

"ಕೇಳೋಕೆ ಏನಿದೆ? ಮುಂಚೆ ನಾನು ಫೋನು ಮಾಡಿ, ಕಾದು, ಬೈಸ್ಕೊಂಡು, ಅಯ್ಯೋ ಆ ಪಾಡು ಬೇಡ. ಈಗ ಎಲ್ಲಾ ಯಂತ್ರಾನೇ ಕೇಳ್ಕೊಂಡಿರುತ್ತೆ. ನೋಡು, ಬರೆದೇ ಕೊಟ್ಟಿದೆ." ಅವನು ಚೀಟಿಯ ತಳವನ್ನು ಬೆರಳಿನಿಂದ ತೋರಿಸಿದ. "ಎಷ್ಟು ಚೆನ್ನಾಗಿ ಮಾಡಿದ್ದೀಯಮ್ಮಾ ನೀನು!"

ಪೊಕುವಾ ಮುಖ ತಿರುಗಿಸಿಕೊಂಡಳು. ನಾಚಿಕೆಯೂ ಆಯಿತು, ಅಳುವೂ ಬಂತು. ಅವೆರಡರ ಕೆಳಗೆ ಇನ್ನೊಂದು ಇತ್ತು, ಅದು ಸಂತೋಷ. ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು.

ಅಸುಬೋನೆಯಲ್ಲಿ ಊರ ಮುಖ್ಯಸ್ಥರು ಕೇಳಿಯೇ ಕೇಳಿದರು. "ಬೊವಾಹೆನ್ ಒಪ್ಪಿದ್ದಾನಾ?"

ಪೊಕುವಾ ಬಾಯಿ ತೆರೆಯುವ ಮೊದಲೇ ತಾಯಿ ಶ್ನಾಪ್ಸ್ ಬಾಟಲಿಯನ್ನೂ ಅದರ ಮೇಲೆ ಚೀಟಿಯನ್ನೂ ಇಟ್ಟು ಕೈ ಮುಗಿದಳು. ಮಾರುಕಟ್ಟೆಯ ಹೆಂಗಸು, ಯಾವ ಹೊತ್ತಿನಲ್ಲಿ ಯಾವ ಮಾತು ಆಡಬಾರದೆಂದು ತಿಳಿದವಳು. ಮುಖ್ಯಸ್ಥರು ಚೀಟಿಯನ್ನು ದೂರ ಹಿಡಿದು ಓದಿದರು. "ಪರವಾಗಿಲ್ಲ, ಬೊವಾಹೆನ್‌ಗೆ ಬುದ್ಧಿ ಬಂತು," ಎಂದರು.

ಮೂರು ಗಂಟೆಯ ಹೊತ್ತಿಗೆ ಅಜ್ಜಿ ತನ್ನ ತಾಯಿಯ ಪಕ್ಕ ಮಲಗಿದಳು. ಇದ್ದದ್ದು ಹದಿನೈದು ಜನ. ಬ್ಯಾಂಡಿಲ್ಲ, ಡೇರೆಯಿಲ್ಲ, ಪೋಸ್ಟರಿಲ್ಲ. ಮಣ್ಣು ಹಾಕುವಾಗ ಬೆಚ್ಚಗೆ ಬಿಸಿಲಿತ್ತು. ಮೂರು ದಿನ ಐಸಿನಲ್ಲಿದ್ದವಳಿಗೆ ಆ ಬಿಸಿಲು ಸಾಕಷ್ಟಾಗಲಿ ಎಂದು ಪೊಕುವಾ ಬೇಡಿಕೊಂಡಳು.

ಸೋಮವಾರ ಬೊವಾಹೆನ್ ಮಾವ ಗೋಲ್ಡನ್ ಆನ್ಸರ್ ಸಿಸ್ಟಮ್ಸಿಗೆ ನುಗ್ಗಿದ. ಸೆಕ್ರೆಟರಿ ಹೆಂಗಸು ತಡೆಯಲು ಹೋಗಿ ಅವನ ಮುಖ ನೋಡಿ ಕೂತಳು. ಬಾಗಿಲು ತಳ್ಳಿದ ರಭಸಕ್ಕೆ ಹಿತ್ತಾಳೆ ಫಲಕ ಚೌಕಟ್ಟಿಗೆ ಬಡಿದು ಒಂದು ಕಡೆ ಜೋತುಬಿತ್ತು.

"ಎಲ್ಲಿ ಆ ಹುಡುಗಿ? ಕರೀರಿ! ಡಾಕ್ಟ್ರೇ, ಇದೇನಾ ನಿಮ್ಮ ಭರವಸೆ? ಟವಿಯಾ ಈ ಚೀಟಿಯ ನಕಲು ಕೊಟ್ಟ. ಯಾರು ಒಪ್ಪಿದ್ದು? ಯಾರ್ರೀ ಒಪ್ಪಿದ್ದು?"

ಪೊಕುವಾ ಬಂದು ಬಾಗಿಲ ಬಳಿ ನಿಂತಳು. ಕೆಲಸ ಹೋಯಿತು ಎಂದುಕೊಂಡಳು. ಹೋದರೆ ಹೋಗಲಿ, ಅಜ್ಜಿಯನ್ನು ಯಾರೂ ಎಬ್ಬಿಸಿ ತರಲಾರರು.

ಅಂಪೊಂಸಾ ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಅವರ ಹಣೆಯ ಮೇಲೆ ಬೆವರು ಮೂಡಿತು. ಅವರು ಪೊಕುವಾಳ ಮುಖ ನೋಡಿದರು. ಆ ನೋಟದಲ್ಲಿ ಆಕೆಯ ಒಂಬತ್ತೂ ಕಾಗದಗಳು ಒಟ್ಟಿಗೆ ಅವರಿಗೆ ಅರ್ಥವಾದಂತೆ ಕಂಡಿತು. ಯಂತ್ರ ತಪ್ಪು ಮಾಡಿತು ಎಂದರೆ ಹನ್ನೊಂದು ಶವಾಗಾರಗಳು ಕೈತಪ್ಪಿದವು. ಹುಡುಗಿ ಮೋಸ ಮಾಡಿದಳು ಎಂದರೂ ಯಂತ್ರ ಮೋಸ ಹೋಯಿತು ಎಂದಾಗುತ್ತದೆ. ಅದರ ಮೇಲೆ, ಎಲ್ಲ ಕ್ಲಾಸುಗಳ ನೆತ್ತಿಯ ಮೇಲೂ ಹಿರಿಯರು ಎಂದು ಕೂತಿದ್ದವರು ಅವರೇ.

"ಯಜಮಾನರೇ," ಎಂದರು ಅವರು ಗಂಟಲು ಸರಿಮಾಡಿಕೊಂಡು, "ನಮ್ಮ ಯಂತ್ರ ನಿಮ್ಮ ಒಪ್ಪಿಗೆ ಇಲ್ದೆ ಬಿಡೋದಿಲ್ಲ. ಬಿಟ್ಟಿದೆ ಅಂದ್ರೆ ನೀವು ಒಪ್ಪಿದ್ದೀರಿ."

"ನಾನು? ನಾನು ಒಪ್ಪಿದ್ನಾ?"

"ಬರೆದಿದೆಯಲ್ಲ. ಚಿನ್ನದ ಅಂಚಿನಲ್ಲಿ ಬರೆದಿದೆ."

"ಏನ್ರೀ ಹೇಳ್ತೀರಿ! ನಾನು ಬಾಯಿಬಿಟ್ಟು ಬೇಡ ಅಂದಿದ್ದೀನಿ, ಇಡೀ ಸಭೆ…"

ಆಗ ಅವನ ಜೇಬಿನಲ್ಲಿ ಫೋನು ಕೂಗಿತು. ಹೆಸರು ನೋಡಿದವನೇ ನಡು ಬಗ್ಗಿಸಿ ಮಾತಾಡಿದ. ಅಸುಬೋನೆಯ ಮುಖ್ಯಸ್ಥರು. ಅವರ ದನಿ ಕೋಣೆಯಲ್ಲೆಲ್ಲ ಕೇಳುತ್ತಿತ್ತು.

"ಬೊವಾಹೆನ್, ನೀನು ದೊಡ್ಡ ಮನುಷ್ಯ ಕಣಯ್ಯಾ. ಬೇರೆಯೋರು ಹೆಣಾನ ಆರು ತಿಂಗಳು ಐಸಲ್ಲಿಟ್ಟು ಮೆರೆಯೋ ಕಾಲದಲ್ಲಿ ನೀನು ಹಿಂದಿನೋರ ಹಾಗೆ ವಾರದೊಳಗೆ ಮಣ್ಣು ಮಾಡಿಸ್ದೆ. ನಿನ್ನೆ ಪಾದ್ರಿಗಳು ನಿನ್ನ ಹೆಸರು ಹೇಳೇ ಉಪದೇಶ ಮಾಡಿದ್ರು. ಎಫ್‌ಎಂನಲ್ಲೂ ಬಂತಂತೆ. ನಿನ್ನ ಹೊಸ ಬಿರುದಿನ ಹಳೇ ವಿಷಯ ಇತ್ತಲ್ಲ, ಮುಂದಿನ ತಿಂಗಳು ಬಾ, ಮಾತಾಡೋಣ."

ಬೊವಾಹೆನ್ ಮಾವ ಫೋನನ್ನು ಜೇಬಿಗೆ ಇಳಿಸಿದ. ನಿಧಾನವಾಗಿ ಕೂತ. ಚೀಟಿಯನ್ನು ಮತ್ತೆ ಕೈಗೆ ತೆಗೆದುಕೊಂಡು ಚಿನ್ನದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಹೌದು," ಎಂದ ಕೊನೆಗೆ. "ಒಪ್ಪಿದ್ದೆ ಅಂತ ಕಾಣುತ್ತೆ. ನಮ್ಮಕ್ಕ ಮುಂಚಿಂದಾನೂ ಸರಳ ಹೆಂಗಸು. ಅವಳಿಗೆ ಹೀಗೇ ಆಗ್ಬೇಕು ಅಂತ ನನ್ನ ಮನಸ್ಸಲ್ಲಿತ್ತು. ಯಂತ್ರ ತಿಳ್ಕೊಂಡಿದೆ."

"ಅದೇ ನಮ್ಮ ಯಂತ್ರದ ವಿಶೇಷ," ಎಂದರು ಅಂಪೊಂಸಾ.

ಪೊಕುವಾಳಿಗೆ ಸಹಿಸಲಾಗಲಿಲ್ಲ. "ಇಲ್ಲ ಮಾವಯ್ಯ. ನೀವು ಒಪ್ಪಿರಲಿಲ್ಲ. ನಿಮ್ಮನ್ನ ಯಾರೂ ಕೇಳ್ಲೇ ಇಲ್ಲ. ಆ ಲೇಬಲ್ಲು ಬರೀ ಬರಹ. ಅಜ್ಜೀನ ತಗೊಂಡು ಹೋಗಿದ್ದು ನಾನು."

"ಸುಮ್ನಿರು!" ಎಂದರು ಇಬ್ಬರೂ ಹಿರಿಯರು ಒಂದೇ ಉಸಿರಿಗೆ.

ಸೆಕ್ರೆಟರಿ ಹೆಂಗಸು ಇಬ್ಬರಿಗೂ ತಣ್ಣನೆಯ ಮಾಲ್ಟ್ ಪಾನೀಯ ತಂದುಕೊಟ್ಟಳು. ಮಾವ ಹೊರಡುವಾಗ ಪೊಕುವಾಳ ಪಕ್ಕದಲ್ಲಿ ಒಂದು ಗಳಿಗೆ ನಿಂತು, ಬೇರೆ ಕಡೆ ನೋಡುತ್ತ, "ಬಿಸಿಲಿತ್ತಾ ಅಲ್ಲಿ?" ಎಂದು ಮೆಲ್ಲಗೆ ಕೇಳಿದ. ಇತ್ತು ಎಂದಳು. ಅವನ ಕಣ್ಣಂಚು ಒದ್ದೆಯಾದದ್ದನ್ನು ಅವಳು ನೋಡಿದಳು. ಅವನೂ ಆ ಅಕ್ಕನ ಹೊಗೆಮೀನು ತಿಂದು ಬೆಳೆದವನೇ. ಆಮೇಲೆ ಅವನು ಬಟ್ಟೆ ಸರಿಮಾಡಿಕೊಂಡು ಯಜಮಾನನಾಗಿ ನಡೆದುಹೋದ.

ಬಾಗಿಲು ಮುಚ್ಚಿದ ಮೇಲೆ ಅಂಪೊಂಸಾ ದನಿ ತಗ್ಗಿಸಿದರು. "ಆ ನಾಲ್ಕು ದಿನ… ಇವತ್ತೇ ಶುರು ಮಾಡು. ಯಾರಿಗೂ ಹೇಳ್ಬೇಡ. ಹೊಸ ಕ್ಲಾಸಿಗೆ ಹಿರಿಯರು ಅಂತ ನನ್ನ ಹೆಸರು…" ಎಂದು ಶುರುಮಾಡಿ, "ಬೇಡ, ಈ ಸಲ ನಿನ್ನ ಹೆಸರೇ ಹಾಕು," ಎಂದರು.

ಪೊಕುವಾ ಯಾರ ಹೆಸರನ್ನೂ ಹಾಕಲಿಲ್ಲ. ಆ ಕ್ಲಾಸಿನ ನೆತ್ತಿಯನ್ನು ಬರಿದಾಗಿ ಬಿಟ್ಟು ಒಳಗೆ ಕೆಲಸ ಬರೆದಳು. ಯಜಮಾನರ ಹೆಬ್ಬೆಟ್ಟು ಸರಿಹೊಂದದೆ ಚೀಟಿ ಬರುವುದಿಲ್ಲ. ಫುಸೇನಿ ಪಕ್ಕದಿಂದ ಬಗ್ಗಿ ನೋಡಿದ. "ಅಕ್ಕಾ, ಇಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದ್ದೀಯ. ಇದನ್ನ ಯಾರೂ ಕೇಳಿರಲಿಲ್ವಲ್ಲ?"

"ಯಾರೂ ಕೇಳಲ್ಲ, ಅದಕ್ಕೇ ಸೇರಿಸಿದ್ದು," ಎಂದಳು ಅವಳು.

ಮುಂದಿನ ವಾರ ಟವಿಯಾ ಫೋನು ಮಾಡಿದ. ದನಿಯಲ್ಲಿ ಗೋಳು ತುಂಬಿತ್ತು. "ಏನಮ್ಮಾ ಇದು? ಹೆಬ್ಬೆಟ್ಟು ಒತ್ತಿದ್ರು, ಸರಿ ಅಂತು. ಆಮೇಲೆ 'ತೀರಿಕೊಂಡವರು ಏನು ಹೇಳಿದ್ದರು' ಅಂತ ಕೇಳ್ತಾ ಕೂತಿದೆ. ಬರೀದಿದ್ರೆ ಮುಂದೆ ಹೋಗಲ್ಲ. ಇಲ್ಲಿ ಹನ್ನೆರಡು ಜನ ನಿಂತಿದ್ದಾರೆ, ಯಜಮಾನರೂ ಇದ್ದಾರೆ, ಪೋಸ್ಟರೂ ತಂದಿದ್ದಾರೆ. ಒಬ್ರ ಹತ್ರಾನೂ ಇದಕ್ಕೆ ಉತ್ತರ ಇಲ್ಲ. ಒಬ್ಬರ ಮುಖ ಒಬ್ಬರು ನೋಡ್ತಾ ಇದ್ದಾರೆ. ಏನು ಮಾಡ್ಲಿ?"



"ಕುರ್ಚಿ ಕೊಡಿ ಅಣ್ಣ," ಎಂದಳು ಪೊಕುವಾ. "ನೆನಪು ಮಾಡ್ಕೊಳ್ಳಲಿ."